ಬಂಗಲೆಯಿಂದ ಬಂದ ಸ್ಟೌವು

ಆ ವರ್ಷದ ಆಷಾಢದಲ್ಲಿ ಸಂಪತ್ ಕುಮಾರ ಅಯ್ಯಂಗಾರ್ಯರಿಗೆ ಅನ್ನದಲ್ಲಿ ಕಲ್ಲು ಸಿಕ್ಕತೊಡಗಿತು. ಮೊದಲನೆಯದನ್ನು ಎಲೆಯ ಕೆಳಗೆ ಸರಿಸಿ ಸುಮ್ಮನಾದರು. ಆಮೇಲಿನವನ್ನು ಎಲೆಯ ಅಂಚಿನಲ್ಲಿ, ಬಡಿಸುವವರಿಗೆ ಕಾಣುವ ಹಾಗೆ, ಸಾಲಾಗಿ ಇಡುತ್ತ ಬಂದರು. ಮಳವಳ್ಳಿಯ ಮಿಡಲ್ ಸ್ಕೂಲಿನಲ್ಲಿ ಹೆಡ್ ಮಾಸ್ತರಾಗಿದ್ದು ನಿವೃತ್ತರಾದವರು. ತಪ್ಪನ್ನು ಎತ್ತಿ ತೋರಿಸುವ ಅಭ್ಯಾಸವೊಂದು ಪಿಂಚಣಿಯ ಜೊತೆಗೇ ಮದ್ದೂರಿಗೆ ಬಂದಿತ್ತು.

"ಅಕ್ಕಿ ಆರಿಸಿದ್ದು ಯಾರು?"

"ನಾನೇ, ಮಾವ," ಎಂದಳು ಸೊಸೆ ಆಂಡಾಳ್, ಅಡುಗೆಮನೆಯ ಬಾಗಿಲ ಮರೆಯಿಂದ.

"ಕಣ್ಣು ಬಿಟ್ಟುಕೊಂಡು ಆರಿಸಿದೆಯೋ, ಮುಚ್ಚಿಕೊಂಡೋ?"

"ಬಿಟ್ಟುಕೊಂಡೇ. ಈಗೀಗ ಎರಡಕ್ಕೂ ಅಷ್ಟೇನೂ ವ್ಯತ್ಯಾಸ ಇಲ್ಲ."

ಕೋಟೆ ಬೀದಿಯ ಆ ಮನೆಯಲ್ಲಿ ಮನೆಮಾತು ಅಯ್ಯಂಗಾರಿ ತಮಿಳು. ಜಗಳ ಮಾತ್ರ ಕನ್ನಡದಲ್ಲಿ ನಡೆಯುತ್ತಿತ್ತು, ಬಹುಶಃ ಬೀದಿಗೂ ಅರ್ಥವಾಗಲೆಂದು. ಆ ಮಳೆಗಾಲದಲ್ಲಿ ಮನೆಯವರು ಕನ್ನಡವನ್ನೇ ಹೆಚ್ಚು ಆಡಿದರು.

ಕಾರಣ ಸೌದೆ. ಕೊಪ್ಪದ ಕಡೆಯಿಂದ ತಲೆಹೊರೆ ತರುತ್ತಿದ್ದ ಚಿಕ್ಕಬೋರಮ್ಮ ನೆನೆದ ಸೌದೆಯನ್ನೇ ಒಣಸೌದೆಯೆಂದು ಹಿತ್ತಲಲ್ಲಿ ಇಳಿಸಿ ಹೋಗುತ್ತಿದ್ದಳು. ಅದು ಉರಿಯುವ ಬದಲು ಕೊರಗುತ್ತಿತ್ತು. ಆಂಡಾಳ್ ಬೆಳಗಿನಿಂದ ಊದುಗೊಳವೆ ಹಿಡಿದು ಒಲೆಯ ಮುಂದೆ ಕೂರುತ್ತಿದ್ದಳು. ಏಳುವ ಹೊತ್ತಿಗೆ ಕಣ್ಣು ಕೆಂಡವಾಗಿ ನೀರು ಸುರಿಯುತ್ತಿತ್ತು. ಎಡಗಣ್ಣಿನ ಅಂಚಿನಲ್ಲಿ ಹಾಲಿನ ಕೆನೆಯಂಥ ಪೊರೆ ಬಂದಿತ್ತು. ಅವಳ ಗಂಡ ಪಾರ್ಥಸಾರಥಿ ಮಂಡ್ಯದಲ್ಲಿ ಗುಮಾಸ್ತ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವವನು. ಒಂದು ಭಾನುವಾರ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ರೆಪ್ಪೆ ಮಗುಚಿ ನೋಡಿ, "ಹೊಗೆ ಬಿಡಿಸಿ," ಎಂದರು. "ಬಿಡಿಸದೆ ಹೋದರೆ, ಬರೋ ಮಳೆಗಾಲದಲ್ಲಿ ಈಕೇನ ಕೈ ಹಿಡಿದು ಕರಕೊಂಡು ಬರಬೇಕಾಗುತ್ತೆ."

ಪಾರ್ಥಸಾರಥಿ ಇದನ್ನು ಊಟದ ಹೊತ್ತಿನಲ್ಲಿ ಹೇಳಿದ.

"ನಾನು ಈ ಮನೆಗೆ ಬಂದಾಗಿನಿಂದ ಹೊಗೆ ಕುಡಿದಿದೀನಿ," ಎಂದರು ತಾಯಿ ಗೋದಮ್ಮ. "ನನ್ನ ಕಣ್ಣಿಗೆ ಏನಾಗಿದೆ?" ಹೀಗೆನ್ನುವಾಗ ಆಕೆಯ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು, ಅದು ದುಃಖದ್ದಲ್ಲ.

"ಅಮ್ಮ, ಡಾಕ್ಟರು ಹೇಳಿದ್ದು—"

"ಡಾಕ್ಟರ ಮನೇಲಿ ಯಾತರ ಮೇಲೆ ಬೇಯಿಸ್ತಾರೋ ಅದನ್ನ ಕೇಳಿಕೊಂಡು ಬಾ."

ಅವನು ಕೇಳಿಕೊಂಡೇ ಬಂದ. ಪಂಪ್ ಸ್ಟೌ.

ಹೊಸದು ಅವನ ಸಂಬಳಕ್ಕೆ ಎಟುಕುವಂಥದ್ದಲ್ಲ. ಶಿವನಸಮುದ್ರದ ಕಡೆ ಬಂಗಲೆಯೊಂದರಲ್ಲಿದ್ದ ಇಂಗ್ಲಿಷ್ ದೊರೆ ಊರಿಗೆ ಮರಳುವವನಿದ್ದು ಸಾಮಾನು ಮಾರುತ್ತಿದ್ದಾನೆಂಬ ಸುದ್ದಿ ಕಚೇರಿಯಲ್ಲಿ ಬಂದಿತ್ತು. ಪಾರ್ಥಸಾರಥಿ ರಜಾ ಹಾಕಿ ಹೋಗಿ, ಬೆಳಕವಾಡಿ, ಮಳವಳ್ಳಿಗಳ ಮೇಲೆ ಬಸ್ಸಿನಲ್ಲಿ ಗೋಣಿಚೀಲದ ಗಂಟೊಂದನ್ನು ಮಡಿಲಲ್ಲಿಟ್ಟುಕೊಂಡು ಬಂದ. ಬಿಚ್ಚಿದರೆ ಹಸಿರುಗಟ್ಟಿದ ಹಿತ್ತಾಳೆಯ ಸ್ಟೌವು. ಒಂದು ಕಾಲು ಇಲ್ಲ. ತಲೆಯ ಮೇಲೆ ಕಬ್ಬಿಣದ ಜಾಲರಿ. ಅದರ ಕಂಬಿಗಳಿಗೆ ಕಪ್ಪಗೆ, ಜಿಡ್ಡಾಗಿ, ಏನೋ ಹತ್ತಿ ಒಣಗಿತ್ತು.

ಗೋದಮ್ಮ ಜಗಲಿಯ ಬಾಗಿಲಲ್ಲೇ ನಿಂತು ಮೂಗಿಗೆ ಸೆರಗು ಹಿಡಿದರು.

"ಇದರ ಮೇಲೆ ಏನು ಬೇಯಿಸ್ತಿದ್ದ ಅವನು?"

"ರೊಟ್ಟಿ ಅಮ್ಮ. ಹೆಚ್ಚೆಂದರೆ ಮೊಟ್ಟೆ."

ಆ ದೊರೆಯ ಬಂಗಲೆಗೆ ಬಂಡೂರಿನಿಂದ ವಾರವಾರವೂ ಕುರಿ ಹೋಗುತ್ತಿದ್ದುದು ಮಳವಳ್ಳಿ ಸೀಮೆಗೆಲ್ಲ ಗೊತ್ತಿದ್ದ ವಿಷಯ. ಹೆಡ್ ಮಾಸ್ತರಿಗೂ ಗೊತ್ತಿತ್ತು. ಅವರು ಪತ್ರಿಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದರು.

"ನೀವೇನೂ ಹೇಳೋಲ್ವಾ?" ಎಂದರು ಗೋದಮ್ಮ ಆ ಪತ್ರಿಕೆಗೆ.

"ಹಿತ್ತಾಳೆಗೆ ಹುಣಿಸೆಹಣ್ಣು, ಕಬ್ಬಿಣಕ್ಕೆ ಬೆಂಕಿ. ಲೋಹಕ್ಕೆ ಶುದ್ಧಿ ಉಂಟು. ಜಾಲರಿ ಬಿಸಾಕಿ, ಉಳಿದದ್ದನ್ನ ತೊಳೆದರೆ ದೋಷವಿಲ್ಲ," ಎಂದರು ಪತ್ರಿಕೆಯ ಹಿಂದಿನಿಂದ. ಪಿಂಚಣಿದಾರರ ಶಾಸ್ತ್ರ ಸಾಮಾನ್ಯವಾಗಿ ಉದಾರವಾಗಿರುತ್ತದೆ, ತೊಳೆಯುವವರು ಬೇರೆಯವರು.

ತೊಳೆದವಳು ಆಂಡಾಳ್. ಹುಣಿಸೆಹಣ್ಣು, ಬೂದಿ, ಮರಳು, ಮತ್ತೆ ಹುಣಿಸೆಹಣ್ಣು. ಬಾವಿಕಟ್ಟೆಯ ಬಳಿ ಕೂತು ಅವಳು ಉಜ್ಜಿದಂತೆ ದೊರೆಯ ಸ್ಟೌವಿನೊಳಗಿನಿಂದ ಅಯ್ಯಂಗಾರ್ಯರ ಚೊಂಬಿನ ಬಣ್ಣ ಹೊರಬಂತು. ಗೋದಮ್ಮ ಬಂದು, ತಿರುಗಿಸಿ ನೋಡಿ, ತಳದಲ್ಲಿ ಉಳಿದಿದ್ದ ಒಂದು ಕಲೆ ತೋರಿಸಿ ಒಳಗೆ ಹೋದರು. ಅದು ಒಪ್ಪಿಗೆಯೆಂದು ಆಂಡಾಳ್ ತಿಳಿದಳು.

ರಿಪೇರಿಗೆ ಅದು ಪೇಟೆಬೀದಿಯ ಮೆಹಬೂಬ್ ಪಾಷಾನ ಅಂಗಡಿಗೆ ಹೋಯಿತು. ಮದುವೆ ಮೆರವಣಿಗೆಯ ಗ್ಯಾಸ್ ಲೈಟು, ಸೈಕಲ್ಲು, ಹೊಲಿಗೆ ಯಂತ್ರ, ಬೀಗ, ಎಲ್ಲಕ್ಕೂ ಅವನೇ. ಎಲ್ಲಕ್ಕೂ "ನಾಳೆ" ಎನ್ನುವವನೂ ಅವನೇ. ಬಿಸಾಕಲೆಂದು ಪಾರ್ಥಸಾರಥಿ ಬೇರೆಯಾಗಿ ತಂದಿದ್ದ ಜಾಲರಿಯನ್ನು ಮೂಸಿ ನೋಡಿದ.

"ಬಂಡೂರು ಮರಿ," ಎಂದ ಭಕ್ತಿಯಿಂದ. "ಇದ್ನ ನಂಗ್ ಬುಟ್ಬುಡಿ ಸಾಮಿ. ನಮ್ಮನೆಯೋಳು ಮಹಮೂದಾ ವರ್ಸದಿಂದ ಇಂಥದ್ದು ಒಂದು ಬೇಕು ಅಂತಾವ್ಳೆ. ಕೂಲೀಲಿ ಮುರ್ಕೊಳ್ಳಿ."

ನಿಪ್ಪಲ್ಲಿನ ತೂತು ಸವೆದು ದೊಡ್ಡದಾಗಿತ್ತು. ಬರ್ನರು ಒಳಗೆ ಕಟ್ಟಿತ್ತು. ಎರಡೂ ಬೆಂಗಳೂರಿನಿಂದ ಬರಬೇಕು. ಕಾಲನ್ನು ತಾನೇ ಸೈಕಲ್ಲಿನ ಕಂಬಿಯಲ್ಲಿ ಬಗ್ಗಿಸಿ ಹಾಕುವುದಾಗಿ ಹೇಳಿದ. ಕೊನೆಗೆ ಪಂಪಿನ ಸರಳನ್ನು ಹೊರಗೆ ಎಳೆದ. ಅದರ ತುದಿಯಲ್ಲಿ ಬಟ್ಟಲಿನಂಥ ಏನೋ ಒಂದು ಒಣಗಿ, ಸುರುಟಿಕೊಂಡು ಕೂತಿತ್ತು.

"ಇದೇನು?"

"ವಾಸರು ಸಾಮಿ. ತೊಗ್ಲು. ಒಣಗೋಗದೆ, ಬ್ಯಾರೆ ಕುಯ್ದು ಹಾಕ್ತೀನಿ."

ಪಾರ್ಥಸಾರಥಿ ಬೀದಿಯ ಎರಡೂ ಕಡೆ ನೋಡಿದ. "ತೊಗಲು ಇಲ್ಲದೆ ಆಗೋಲ್ವಾ?"

"ಗಾಳಿ ಹಿಡಿಯೋದೇ ಅದು. ಅದಿಲ್ದೆ ಎಷ್ಟು ಒಡದ್ರೂ ಬಂದ್ ಗಾಳಿ ಬಂದಂಗೇ ಓಯ್ತದೆ."

"ರೇಷ್ಮೆಯಲ್ಲಿ ಮಾಡು."

"ಯಾತ್ರಲ್ಲಿ?"

"ರೇಷ್ಮೆ. ಮಡಿಬಟ್ಟೆ. ನಾನೇ ತಂದುಕೊಡ್ತೀನಿ."

ಪಾಷಾ ಸರಳನ್ನು ಕೆಳಗಿಟ್ಟ. "ಸ್ಟೌಗೂ ಪೀತಾಂಬರ ಉಡ್ಸಬೇಕಾ? ಉಡ್ಸಾನ ಬುಡಿ. ನಂಗೇನು."

ಪಾರ್ಥಸಾರಥಿ ತನ್ನ ಹಳೆಯ ಮಗುಟದ ಒಂದು ಮೂಲೆ ಹರಿದು ಕೊಟ್ಟ. ಪಾಷಾ ಅದನ್ನು ಮಡಚಿ, ಎಣ್ಣೆಯಲ್ಲಿ ನೆನೆಸಿ, ಸರಳಿಗೆ ಸುತ್ತಿದ. ಶ್ರಾವಣದಲ್ಲಿ ಸ್ಟೌವು ಅಡುಗೆಮನೆಯ ಕಟ್ಟೆಯೇರಿತು. ಕುಂಕುಮ ಇಟ್ಟು ಹೊತ್ತಿಸಿದರು. ಅದು ಉಸಿರುಕಟ್ಟಿದವರ ಹಾಗೆ ನಿಂತು ನಿಂತು ಉರಿಯಿತು, ಆದರೂ ಉರಿಯಿತು. ಗೋದಮ್ಮ ಮೊದಲ ತುತ್ತನ್ನು ಬಾಯಿಗಿಟ್ಟು, "ಸೀಮೆಎಣ್ಣೆ ವಾಸನೆ," ಎಂದರು. ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ರೇಷ್ಮೆ ಸೋತದ್ದು ದ್ವಾದಶಿಯ ದಿನ. ಹಿಂದಿನ ದಿನ ಏಕಾದಶಿ, ಗೋದಮ್ಮನದು ನೀರೂ ಇಲ್ಲದ ಉಪವಾಸ. ಬೆಳಗ್ಗೆ ಬೇಗ ಪಾರಣೆಯ ಅಡುಗೆ ಆಗಬೇಕು. ಆಂಡಾಳ್ ಪಂಪ್ ಹೊಡೆದಳು. ಹೊಡೆದಷ್ಟೂ ಸರಳು ಗಂಜಿಯೊಳಗೆ ಸೌಟಾಡಿದ ಹಾಗೆ ಆಡಿತು. ಜ್ವಾಲೆ ಹಳದಿಯಾಗಿ, ಉದ್ದವಾಗಿ, ಕಪ್ಪು ಮಸಿ ಕಾರುತ್ತ ಸೂರಿಗೆ ಏರಿತು. ಅಡುಗೆಮನೆಯಲ್ಲಿ ಹಸಿ ಸೌದೆಗಿಂತ ಹೆಚ್ಚು ಹೊಗೆಯಾಯಿತು. ಒಲೆ ಹಚ್ಚೋಣವೆಂದರೆ ಹಿತ್ತಲಲ್ಲಿ ಸೌದೆ ಇರಲಿಲ್ಲ. ಚಿಕ್ಕಬೋರಮ್ಮನಿಗೆ ಬರಬೇಡವೆಂದು ಹೇಳಿ ಕಳಿಸಿದ್ದರು.

"ಏಕಾದಶಿ ನಿನ್ನೆಗೆ ಮುಗೀತು ಅಂತಿದ್ದೆ," ಎಂದರು ಗೋದಮ್ಮ, ಕಂಬಕ್ಕೊರಗಿ.

ಪಕ್ಕದ ಮನೆಯಿಂದ ಸೌದೆ ಕಡ ತಂದು ಬೇಯಿಸಿದ್ದಾಯಿತು. ಆಂಡಾಳ್ ಮತ್ತೆ ಊದುಗೊಳವೆ ಹಿಡಿದಳು. ಮಧ್ಯಾಹ್ನ ಮಾವನವರ ಎಲೆಯ ಅಂಚಿಗೆ ಕಲ್ಲು ಮರಳಿ ಬಂತು.

ಮರುದಿನ ಪಾರ್ಥಸಾರಥಿ ರೈಲಿಗೆ ಹೋಗುವ ದಾರಿಯಲ್ಲಿ ಸ್ಟೌವನ್ನು ಪಾಷಾನ ಮುಂದೆ ಇಟ್ಟು, "ನಿನ್ನದನ್ನೇ ಹಾಕು. ಯಾರಿಗೂ ಹೇಳಬೇಡ," ಎಂದ.

"ನಾನ್ಯಾರ್ಗೇಳ್ಳಿ," ಎಂದ ಪಾಷಾ, ಎಲ್ಲರಿಗೂ ಕೇಳುವ ಹಾಗೆ.

ಕುರಿಯ ತೊಗಲು ಕೂತ ಮೇಲೆ ಸ್ಟೌವು ತನ್ನ ನಿಜವಾದ ದನಿಯನ್ನು ಎತ್ತಿತು. ನೀಲಿ ಜ್ವಾಲೆ, ಹೂವಿನ ಹಾಗೆ ಸುತ್ತಲೂ ಸಮನಾಗಿ. ಮಸಿ ಇಲ್ಲ, ಹೊಗೆ ಇಲ್ಲ. "ಏನು ಮಾಡಿದ ಅವನು?" ಎಂದು ಆಂಡಾಳ್ ಕೇಳಿದಳು. "ಸರಿ ಮಾಡಿದ," ಎಂದ ಗಂಡ. ಭಾದ್ರಪದವೆಲ್ಲ ಕಳೆಯಿತು. ಕಣ್ಣಿನ ಕೆಂಪು ಇಳಿಯಿತು, ಅನ್ನದಲ್ಲಿ ಕಲ್ಲು ನಿಂತಿತು. ಹೆಡ್ ಮಾಸ್ತರು ಊಟದ ಹೊತ್ತಿಗೆ ಮಾತಾಡಲು ಬೇರೆ ವಿಷಯ ಹುಡುಕಬೇಕಾಯಿತು.

ನವರಾತ್ರಿಯ ಮುಂಚೆ ಒಂದು ಬೆಳಗ್ಗೆ ಚಿಕ್ಕಬೋರಮ್ಮ ಬರಿಯ ತಲೆಯಲ್ಲಿ ಹಿತ್ತಲ ಬಾಗಿಲಿಗೆ ಬಂದಳು.

"ಸೌದೆ ಬ್ಯಾಡ ಅಂದ್ರಿ, ಬುಡಿ. ನನ್ ಒಟ್ಟೆ ನಂದು," ಎಂದಳು. "ಆದ್ರೂ ಅವ್ವಾ, ಕುರಿ ತೊಗ್ಲಲ್ಲಿ ಊದಿ ಅನ್ನ ಬೇಯ್ಸೋದು ನಿಮ್ಮೋರ್ಗೆ ಸರೋಯ್ತದಾ?"

"ಯಾವ ತೊಗಲೇ?" ಎಂದರು ಗೋದಮ್ಮ.

"ಆ ಪಾಸಾ ಕುಯ್ತಾ ಕುಂತಿದ್ದ ಕಣ್ರವ್ವ. ಯಾರ್ಮನೇದ್ಲಾ ಅಂದೆ. ಕೋಟೆ ಬೀದಿ ಅಯ್ಯಂಗಾರ್ರದು ಅಂದ. ನಾನ್ ಕಂಡಿದ್ದು ಏಳ್ದೆ. ನಂಗ್ಯಾಕ್ ಬೇಕು ಕಂಡೋರ ಸುದ್ದಿ."

ಗೋದಮ್ಮ ಬಾವಿಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡರು. ಅನಂತರ ಒದ್ದೆಯಲ್ಲೇ ಬಂದು ಚಿಕ್ಕಬೋರಮ್ಮನಿಗೆ, "ಮಧ್ಯಾಹ್ನದೊಳಗೆ ಒಂದು ಹೊರೆ ಹಾಕು," ಎಂದರು.

ಸಂಜೆ ಮಗ ರೈಲಿಳಿದು ಬಂದ. ಅವನು ಕೋಟು ಬಿಚ್ಚುತ್ತಿದ್ದಂತೆ ಕನ್ನಡ ಆರಂಭವಾಯಿತು.

"ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ತಿಂಗಳಿಂದ ತಾಯಿಗೆ ಕುರಿ ತೊಗಲಿನ ಅನ್ನ ಹಾಕಿಸಿದೆ."

"ಅನ್ನಕ್ಕೆ ಅದು ತಾಕೋದೇ ಇಲ್ಲ ಅಮ್ಮ. ಅದು ಒಳಗಡೆ ಗಾಳಿ ಒತ್ತುತ್ತೆ, ಅಷ್ಟೇ."

"ಆ ಗಾಳೀಲಿ ತಾನೆ ಉರಿಯೋದು? ಆ ಉರೀಲಿ ತಾನೆ ಬೇಯೋದು?"

ಸಂಪತ್ ಕುಮಾರ ಅಯ್ಯಂಗಾರ್ಯರಿಗೆ ತರ್ಕದ ವಾಸನೆ ಬಡಿಯಿತು. ಪತ್ರಿಕೆ ಮಡಚಿದರು. "ಗೋದಾ, ದೇವಸ್ಥಾನದಲ್ಲಿ ಮೃದಂಗ ಬಾರಿಸ್ತಾರೋ ಇಲ್ಲವೋ? ಅದರ ಮುಖ ಯಾತರದು?"

"ಮೃದಂಗದಲ್ಲಿ ಅನ್ನ ಬೇಯಿಸ್ತಾರಾ?"

"ಅದಿರಲಿ. ತೊಗಲೆಲ್ಲ ಮೈಲಿಗೆ ಅನ್ನೋಕಾಗೋಲ್ಲ. ನಾನು ಸಂಧ್ಯಾವಂದನೆಗೆ ಕೂರೋದು ಯಾತರ ಮೇಲೆ? ಕೃಷ್ಣಾಜಿನ. ಜಿಂಕೆಯ ಚರ್ಮ. ಅದಕ್ಕಿಂತ ಮಡಿ ಈ ಮನೇಲಿ ಏನಿದೆ?"

ಪಾರ್ಥಸಾರಥಿ ತಟ್ಟನೆ ತಲೆಯೆತ್ತಿದ. "ಹಾಗಾದರೆ ಅಣ್ಣ," ಎಂದ, ತಂದೆಯನ್ನು ಆ ಮನೆಯಲ್ಲಿ ಅಣ್ಣನೆಂದೇ ಕರೆಯುವುದು, "ಅದರಲ್ಲೇ ಒಂದು ವಾಷರು ಕೊಯ್ಯೋಣ. ಅಂಗೈಯಷ್ಟು ಸಾಕು."

"ಏನಂದೆ?"

"ನೀವೇ ಹೇಳಿದಿರಲ್ಲ."

"ಅದು ನಮ್ಮಪ್ಪ ಮೇಲುಕೋಟೆಯಿಂದ ತಂದುಕೊಟ್ಟದ್ದು ಕಣೋ! ಸೀಮೆಎಣ್ಣೆ ಡಬ್ಬಕ್ಕೆ ತುರುಕೋಕಲ್ಲ." ಅವರು ಪತ್ರಿಕೆಯನ್ನು ಮತ್ತೆ ಬಿಡಿಸಿದರು. ತರ್ಕ ಅಲ್ಲಿಗೆ ಮುಗಿಯಿತು.

ಗೋದಮ್ಮ ಎದ್ದರು. ಗಂಡ ಸಂಧ್ಯಾವಂದನೆ ಮಾಡುವ ಮೂಲೆಯ ಕಡೆ ಒಮ್ಮೆ ನೋಡಿ ಒಳಗೆ ಹೋದರು.

ಮರುದಿನದಿಂದ ಮನೆಯಲ್ಲಿ ಎರಡು ಒಲೆ. ಸ್ಟೌವನ್ನು ಯಾರೂ ಬಿಸಾಡಲಿಲ್ಲ. ಅದು ನಡುಮನೆಯ ಮೂಲೆಗೆ ಇಳಿಯಿತು, ಪಾರ್ಥಸಾರಥಿಯ ರೈಲಿನ ಊಟಕ್ಕೆ. ಗೋದಮ್ಮ ಅಡುಗೆಮನೆಯ ಸೌದೆ ಒಲೆಯಲ್ಲಿ ತಾವೇ ಬೇಯಿಸಿಕೊಳ್ಳುವೆನೆಂದರು. "ನೀನು ಬರಬೇಡ, ನಿನ್ನ ಕಣ್ಣು ನೋಡಿಕೋ," ಎಂದು ಸೊಸೆಗೆ ಹೇಳಿದರು. ಅತ್ತೆ ಹೊಗೆಯಲ್ಲಿ ಕೆಮ್ಮುತ್ತ ಕೂತಿರುವಾಗ ಸೊಸೆ ನಡುಮನೆಯಲ್ಲಿ ನೀಲಿ ಜ್ವಾಲೆಯ ಮುಂದೆ ಕೂರುವುದು ಹೇಗೆ? ಆಂಡಾಳ್ ಮೊದಲು ಸ್ಟೌವಿನಲ್ಲಿ ಗಂಡನದನ್ನು ಮುಗಿಸಿ, ಆಮೇಲೆ ಸ್ನಾನ ಮಾಡಿ, ಒದ್ದೆಯುಟ್ಟು, ಊದುಗೊಳವೆ ಹಿಡಿದು ಅತ್ತೆಯ ಒಲೆಯ ಮುಂದೆ ಕೂತಳು. ಸ್ಟೌವು ಬಂದದ್ದರಿಂದ ಅವಳಿಗೆ ಒಂದು ಅಡುಗೆ, ಒಂದು ಸ್ನಾನ ಹೆಚ್ಚಾಯಿತು.

"ನೀನು ಅಲ್ಲಿಗೆ ಹೋಗಬೇಡ ಅಂತ ಅಮ್ಮನೇ ಹೇಳಿದಾರಲ್ಲ," ಎಂದ ಪಾರ್ಥಸಾರಥಿ.

"ಹೇಳಿದಾರೆ. ಕೆಮ್ಮುತ್ತಾ ಹೇಳಿದಾರೆ."

"ಡಾಕ್ಟರು—"

"ಡಾಕ್ಟರಿಗೆ ಅತ್ತೆ ಇದಾರಾ ಕೇಳಿಕೊಂಡು ಬನ್ನಿ."

ಹೆಡ್ ಮಾಸ್ತರು ಸಿದ್ಧಾಂತದಲ್ಲಿ ಸ್ಟೌವಿನ ಕಡೆ. ಊಟ ಮಾತ್ರ ಹೆಂಡತಿಯ ಒಲೆಯದು, ಮನಶ್ಶಾಂತಿಗೆಂದು. ಕಾಫಿಯನ್ನು ಸ್ಟೌವಿನಲ್ಲೇ ಮಾಡಿಸಿ ಕುಡಿಯುತ್ತಿದ್ದರು. ಕಾಫಿಗೆ ಶಾಸ್ತ್ರವಿಲ್ಲ, ಅದು ಶಾಸ್ತ್ರ ಬರೆದವರು ತೀರಿಕೊಂಡ ಮೇಲೆ ಬಂದದ್ದು ಎಂಬುದು ಅವರ ವಾದ. ಕೃಷ್ಣಾಜಿನದ ಮಾತು ಅವರೂ ಎತ್ತಲಿಲ್ಲ, ಅವರ ಮುಂದೆ ಯಾರೂ ಎತ್ತಲಿಲ್ಲ. ಪಾರ್ಥಸಾರಥಿ ಒಮ್ಮೆ, "ಅಣ್ಣ, ಅದೊಂದು ತುಂಡು," ಎಂದು ಆರಂಭಿಸಿದ್ದಕ್ಕೆ, "ನಿನ್ನ ಉಪನಯನದ ದಿನ ನಾನು ಇದರ ಮೇಲೆ ಕೂತು ಉಪದೇಶ ಮಾಡಿದೆ," ಎಂದರು. ಅವನು ರೈಲಿಗೆ ಹೊರಟುಹೋದ.

ದೀಪಾವಳಿ ಹತ್ತಿರವಾಯಿತು. ಆಂಡಾಳ್‌ಳ ಎಡಗಣ್ಣಿನ ಪೊರೆ ಅಂಚಿನಿಂದ ನಡುವಿಗೆ ಸರಿದಿತ್ತು, ಬಲಗಣ್ಣೂ ಹೊಗೆಗೆ ಮಂಜಾಗಿತ್ತು. ಅವಳು ಹೇಳಲಿಲ್ಲ. ಉಪ್ಪನ್ನು ಬೆರಳಲ್ಲಿ ತಡವಿ ಸಕ್ಕರೆಯಿಂದ ಬೇರೆ ಮಾಡುತ್ತಿದ್ದಳು, ಹೊಸಲನ್ನು ಕಾಲ್ಬೆರಳಿನಿಂದ ಹುಡುಕಿ ದಾಟುತ್ತಿದ್ದಳು. ಒಂದು ಸಂಜೆ ದೇವರ ಮುಂದಿನ ಜೋಡಿ ದೀಪ ಹಚ್ಚಲು ಹೋದಳು. ಬಲಗಡೆಯದು ಹತ್ತಿತು. ಎಡಗಡೆಯದಕ್ಕೆ ಹಿಡಿದ ಕಡ್ಡಿ ಬತ್ತಿಯ ಪಕ್ಕದಲ್ಲಿ ಬರಿದೇ ಉರಿದು ಆರಿತು. ಅವಳಿಗೆ ಮಂಜಿನಲ್ಲಿ ಎರಡೂ ಉರಿದಂತೆಯೇ ಕಂಡಿರಬೇಕು. ಕೈಮುಗಿದಳು, ಕಣ್ಣೊರೆಸಿಕೊಂಡಳು, ಒಲೆಯ ಬಳಿಗೆ ಹೋದಳು.

ಗೋದಮ್ಮ ಜಪಮಣಿ ಹಿಡಿದು ಅಲ್ಲೇ ಕೂತಿದ್ದರು. ಎದ್ದು, ಬಲಗಡೆಯ ದೀಪದಿಂದ ಎಡಗಡೆಯದನ್ನು ಹಚ್ಚಿದರು. ಆ ರಾತ್ರಿ ಊಟ ಬೇಡವೆಂದರು.

ಬೆಳಗ್ಗೆ ಹೆಡ್ ಮಾಸ್ತರು ಶಿಂಷಾ ಹೊಳೆಗೆ ಸ್ನಾನಕ್ಕೆ ಹೋಗಿದ್ದಾಗ ಆಕೆ ಕೃಷ್ಣಾಜಿನವನ್ನು ನಡುಮನೆಯಲ್ಲಿ ಹಾಸಿ, ಈಳಿಗೆಮಣೆ ಹಾಕಿ ಕೂತರು. ಅಂಚನ್ನು ಮುಟ್ಟಿ ನೋಡಿದರು, ಒಣಗಿ ಹಪ್ಪಳವಾಗಿತ್ತು. ಕಾಲಿನ ಕಡೆ ನೋಡಿದರು, ಹುಳ ತಿಂದಿತ್ತು. ನಡುವೆ ಮಾತ್ರ ಕೂದಲು ಸವೆದು, ಬೆಣ್ಣೆಯಷ್ಟು ಮೆತ್ತಗೆ, ಒಳ್ಳೆಯ ಹದದಲ್ಲಿತ್ತು: ಗಂಡ ಇಷ್ಟು ವರ್ಷ ದಿನವೂ ಕೂತ ಜಾಗ. ಆಕೆ ಅಲ್ಲೇ ಈಳಿಗೆಯ ಅಲಗಿಗೆ ಒತ್ತಿದರು.

ಹೆಡ್ ಮಾಸ್ತರು ಒದ್ದೆ ಪಂಚೆಯಲ್ಲಿ ಹೊಸಲ ಮೇಲೆ ನಿಂತರು.

"ಗೋದಾ, ಏನಿದು? ಏನು ಮಾಡಿದೆ?"

"ಮೆತ್ತಗಿದ್ದ ಕಡೆ ಕೊಯ್ದೆ."

"ನಮ್ಮಪ್ಪ ಕೊಟ್ಟದ್ದು!"

"ಆಕೇನೂ ಅವರಪ್ಪನೇ ಕೊಟ್ಟದ್ದು," ಎಂದರು ಗೋದಮ್ಮ, ಅಡುಗೆಮನೆಯ ಕಡೆ ಗಲ್ಲ ತೋರಿಸಿ. "ಎರಡು ಕಣ್ಣು ಇಟ್ಟು ಕೊಟ್ಟಿದ್ದರು. ಸಾರಥೀ, ಆ ಪಾಷಾನ್ನ ಕರಕೊಂಡು ಬಾ. ಇವತ್ತೇ. ನಾಳೆ ಅಂದರೆ ನಾನೇ ಪೇಟೆಗೆ ಬರ್ತೀನಿ ಅಂತ ಹೇಳು."

ಪಾಷಾ ಅವತ್ತೇ ಬಂದ. ಅದೊಂದು ದಿನ ಪೇಟೆಬೀದಿ ಅವನನ್ನು ಗುರುತಿಸಲಿಲ್ಲ. ಜಗಲಿಯ ಮೇಲೆ ಕೂತು ಸ್ಟೌವು ಬಿಚ್ಚಿದ. ಗೋದಮ್ಮ ಬಾಗಿಲ ಒಳಗೆ, ಅರ್ಧ ಮರೆಯಲ್ಲಿ.

"ಹಳೇದು ತೆಗೆದೆಯಾ?"

"ತಗದೆ ಅಮ್ಮೋರೆ. ನೋಡಿ."

"ತೋರಿಸಬೇಡ. ಬೀದಿಗೆ ಹಾಕು. ಹಾಕಿದೆಯಾ?"

"ಆಕ್ದೆ." ಅವನು ಜಿಂಕೆಯ ಚರ್ಮದ ತುಂಡನ್ನು ಬೆರಳಿನಲ್ಲಿ ಉಜ್ಜಿ ನೋಡಿದ, ಉಳಿದ ಕೂದಲನ್ನು ಕೆರೆದ, ವೃತ್ತವಾಗಿ ಕತ್ತರಿಸಿ, ಎಣ್ಣೆ ಹಚ್ಚಿ ಬಟ್ಟಲಿನಂತೆ ಒತ್ತಿದ. "ಒಳ್ಳೆ ಮಾಲು. ಯಾರೋ ಚಂದಾಗಿ ಹದ ಮಾಡವ್ರೆ."

ಒಳಗೆ ಹೆಡ್ ಮಾಸ್ತರು ಗಂಟಲು ಸರಿಮಾಡಿಕೊಂಡರು.

"ನಿಮ್ ಜಾಲರಿ ನಮ್ಮನೇಲಿ ಚಂದಾಗದೆ ಅಮ್ಮೋರೆ," ಎಂದ ಪಾಷಾ, ಮಾತಿಗೆ.

"ಅದು ನಮ್ಮದಲ್ಲ," ಎಂದರು ಗೋದಮ್ಮ.

ಅವನು ಹೋದ ಮೇಲೆ ಮತ್ತೆ ಹುಣಿಸೆಹಣ್ಣು, ಬೂದಿ, ಮರಳು. ಈ ಸಲ ಉಜ್ಜಿದವರು ಗೋದಮ್ಮ. ಕೆಲಸ ಅಷ್ಟೇನೂ ಚೆನ್ನಾಗಿ ಆಗಲಿಲ್ಲ. ತಳದ ಹಳೆಯ ಕಲೆ ಹಾಗೆಯೇ ಉಳಿಯಿತು. ಸ್ಟೌವು ಅಡುಗೆಮನೆಯ ಕಟ್ಟೆಗೆ ಮರಳಿ, ಕುರಿಯ ಕಾಲದ್ದಕ್ಕಿಂತ ಒಂದು ದನಿ ತಗ್ಗಿಸಿ, ನೀಲಿಯಾಗಿ ಉರಿಯಿತು. ಸೌದೆಯ ಒಲೆಯನ್ನು ಸಾರಿಸಿ ಬಿಟ್ಟರು. ಚಿಕ್ಕಬೋರಮ್ಮ ಇನ್ನೊಂದು ಸುದ್ದಿ ಹೊತ್ತು ಬಂದಳು. ಗೋದಮ್ಮ ಅದನ್ನು ಕೇಳದೆ ಅವಳಿಗೆ ಒಂದು ಮೊರ ಅಕ್ಕಿ ಕೊಟ್ಟು ಕಳಿಸಿದರು.

ಡಾಕ್ಟರು ಮತ್ತೆ ರೆಪ್ಪೆ ಮಗುಚಿ ನೋಡಿ, ಬಲಗಣ್ಣು ಉಳಿಯುತ್ತದೆ, ಎಡಗಣ್ಣಿನಲ್ಲಿ ಹೋದದ್ದು ಬರುವುದಿಲ್ಲ ಎಂದರು. "ಮುಂಚೆಯೇ ಬಿಡಿಸಿದ್ದರೆ," ಎಂದು ಆರಂಭಿಸಿ, ಗೋದಮ್ಮನೂ ಜೊತೆಯಲ್ಲಿ ಬಂದಿರುವುದನ್ನು ಕಂಡು ನಿಲ್ಲಿಸಿದರು. ಮನೆಯ ಹತ್ತಿರ ಬಂದಾಗ ಗೋದಮ್ಮ, "ಇನ್ನು ಮೇಲೆ ಅಕ್ಕಿ ನಾನು ಆರಿಸ್ತೀನಿ," ಎಂದರು.

"ನಿಮಗೆ ಕಾಣುತ್ತಾ ಅತ್ತೆ?"

"ನಿನ್ನಷ್ಟೇ. ಕಲ್ಲು ಸಿಕ್ಕಿದರೆ ಅವರು ನನ್ನನ್ನ ಕೇಳಲಿ."

ಕಲ್ಲು ಸಿಕ್ಕುತ್ತಲೇ ಇತ್ತು. ಹೆಡ್ ಮಾಸ್ತರು ಅವನ್ನು ಈಗ ಎಲೆಯ ಕೆಳಗೆ ಸರಿಸುತ್ತಿದ್ದರು.

ಆದರೆ ಮನೆಯಲ್ಲಿ ಬೇಗ ಹೊತ್ತಿಕೊಳ್ಳುವ ಬೆಂಕಿಯೊಂದಿದೆಯೆಂಬುದು ಅವರ ನಾಲಗೆಗೆ ಗೊತ್ತಾಗಿಬಿಟ್ಟಿತ್ತು. ಬೆಳಗಿನ ಕಾಫಿಯಲ್ಲದೆ ಊಟಕ್ಕೆ ಮುಂಚೆ ಒಂದು, ನಿದ್ದೆಯಾದ ಮೇಲೆ ಒಂದು, ಜಗಲಿಗೆ ಯಾರಾದರೂ ಬಂದರೆ ಒಂದು, ಬಾರದಿದ್ದರೆ ಬೇಸರಕ್ಕೆ ಒಂದು. ಪ್ರತಿ ಸಲವೂ ಆಂಡಾಳ್ ಎದ್ದು, ಪಿನ್ನು ಚುಚ್ಚಿ, ಸ್ಪಿರಿಟು ಸುರಿದು, ಕೂತು ಪಂಪ್ ಹೊಡೆಯಬೇಕು. ಹೊಗೆ ಹೋಗಿತ್ತು, ಕೆಲಸ ಹೋಗಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಪಾತ್ರೆ ಬೆಳಗಿಟ್ಟು, ಗೋಡೆಗೊರಗಿ, ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ಕೂತಿದ್ದಳು. ಎದುರಿಗೆ ಗೋದಮ್ಮ ಮೊರದಲ್ಲಿ ಅಕ್ಕಿ ಹರಡಿಕೊಂಡು ಬೆರಳಿನಿಂದ ತಡವುತ್ತಿದ್ದರು. ನಡುಮನೆಯಿಂದ ದನಿ ಬಂತು.

"ಆಂಡಾಳ್, ಒಂದು ಲೋಟ ಕಾಫಿ ಆಗುತ್ತಾ ನೋಡಮ್ಮ."

ಆಂಡಾಳ್ ನೆಲಕ್ಕೆ ಕೈಯೂರಿದಳು. ಗೋದಮ್ಮ ಅವಳ ಮಂಡಿಯ ಮೇಲೆ ಕೈಯಿಟ್ಟು ಕೂರಿಸಿದರು. ಆಮೇಲೆ ಕನ್ನಡದಲ್ಲಿ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ, "ಆಗುತ್ತೆ. ಬಂದು ನೀವೇ ಪಂಪ್ ಹೊಡೀರಿ," ಎಂದರು. "ಹದ ಮಾಡಿದವರು ನೀವೇ ತಾನೆ."

ಪತ್ರಿಕೆ ಮಡಚಿದ ಸದ್ದಾಯಿತು. ಅನಂತರ ಮಣೆ ಸರಿಯಿತು. ಹೆಡ್ ಮಾಸ್ತರು ಪಂಚೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಯ ಹೊಸಲ ಮೇಲೆ ಬಂದು ನಿಂತು, ಸ್ಟೌವನ್ನು ಎಲ್ಲ ಕಡೆಯಿಂದಲೂ ನೋಡಿದರು.

"ಯಾವ ಕಡೆಯಿಂದ ಒತ್ತೋದು?" ಎಂದು ಕೇಳಿದರು.